ಕಲ್ಲುಗುಂಡಿಗೆ ತಿರುಗಿದ ಓಟ

ಗಂಡನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಏರು ಹತ್ತಿ ಬರುವ ಹೆಂಗಸನ್ನು ಹೊಸನಗರ ರಸ್ತೆಯ ಬಸ್ಸಿನವರೆಲ್ಲ ನೋಡಿದ್ದರು. ಕಿಟಕಿಯಿಂದ ತಲೆ ಹೊರಗೆ ಹಾಕಿ 'ಅಯ್ಯೋ ಪಾಪ' ಅನ್ನುತ್ತಿದ್ದರು. ಬಸ್ಸು ಮುಂದೆ ಹೋಗುತ್ತಿತ್ತು. ಪಾಪವೂ ಬಸ್ಸಿನ ಜೊತೆಗೇ ಹೋಗುತ್ತಿತ್ತು.

ಅವಳ ಹೆಸರು ಜಲಜಮ್ಮ. ಇರುವುದು ಸಾಗರ ಪೇಟೆ ಮುಗಿಯುವಲ್ಲಿ, ಕಲ್ಲುಗುಂಡಿ ಕಾಲೋನಿಯಲ್ಲಿ. ಅಲ್ಲಿ ಹಿಂದೆ ಜಂಬಿಟ್ಟಿಗೆ ಕಲ್ಲು ತೆಗೆಯುತ್ತಿದ್ದರು. ಕಲ್ಲು ಪೇಟೆಗೆ ಹೋಗಿ ಮನೆಗಳಾದವು, ಛತ್ರವಾಯಿತು, ದೊಡ್ಡವರ ಕಾಂಪೌಂಡಾಯಿತು. ಕಲ್ಲು ಕಡಿದವರಿಗೆ ಗುಂಡಿ ಉಳಿಯಿತು. ಅದರಲ್ಲೇ ಶೀಟು ಹೊದಿಸಿ ಮನೆ ಮಾಡಿಕೊಂಡರು. ಗುಂಡಿಯಿಂದ ಟಾರು ರಸ್ತೆಗೆ ಹತ್ತಲು ಇರುವುದು ಒಂದೇ ಒಂದು ಕೆಮ್ಮಣ್ಣಿನ ಏರು. ಮಳೆ ಬಿದ್ದರೆ ಅದು ಜಾರುಬಂಡೆ, ಒಣಗಿದರೆ ಸಡಿಲ ಕಲ್ಲು ಕಾಲಡಿಯಲ್ಲೇ ಉರುಳುತ್ತದೆ. ಆಟೋದವರು ಮೇಲೇ ನಿಂತು ಹಾರ್ನ್ ಹೊಡೆಯುತ್ತಾರೆ. ಗ್ಯಾಸಿನ ಸಿಲಿಂಡರು ಮೇಲೇ ಇಳಿಯುತ್ತದೆ. ಆಂಬುಲೆನ್ಸೂ ಮೇಲೇ. ಹೆರಿಗೆ ನೋವು ಬಂದವಳೂ ಹತ್ತಿಕೊಂಡೇ ಹೋಗಬೇಕು.

ಮುಂಗಾರಿಗೆ ಮೊದಲು ಕ್ವಾರಿಯಲ್ಲಿ ಕಲ್ಲಿನ ಅಟ್ಟಿ ಜಾರಿ ಅವಳ ಗಂಡ ಜಟ್ಟಪ್ಪನ ಕಾಲಿನ ಮೇಲೆ ಬಿತ್ತು. ಆಸ್ಪತ್ರೆಯಲ್ಲಿ ರಾಡು ಹಾಕಿದರು. ಗಾಯ ಮಾತ್ರ ಕೂಡಲಿಲ್ಲ. ವಾರಕ್ಕೆರಡು ಸಲ ಡ್ರೆಸ್ಸಿಂಗ್ ಮಾಡಿಸಬೇಕು, ತಪ್ಪಿಸಿದರೆ ಕಾಲೇ ತೆಗೆಯಬೇಕಾಗುತ್ತದೆ ಅಂದರು ಡಾಕ್ಟರು. ಜಲಜಮ್ಮ ಒಂದು ಪ್ಲಾಸ್ಟಿಕ್ ಕುರ್ಚಿಗೆ ಎರಡು ಬಿದಿರು ಗಳ ಕಟ್ಟಿದಳು. ಮುಂದೆ ತಾನು, ಹಿಂದೆ ಪಕ್ಕದ ಮನೆಯ ಭೂತಪ್ಪ. ಏರಿನಲ್ಲಿ ಗಳ ಹೆಗಲಿನ ಮೂಳೆಗೆ ಒತ್ತುತ್ತಿತ್ತು. ಚರ್ಮ ಕಿತ್ತುಬಂತು, ಒಣಗಿತು, ಮತ್ತೆ ಕಿತ್ತುಬಂತು, ಕೊನೆಗೆ ದಡ್ಡುಗಟ್ಟಿತು. ಆ ಮಗ್ಗುಲಿಗೆ ಮಲಗಲಾರಳು. ಜಟ್ಟಪ್ಪ ಕುರ್ಚಿಯಲ್ಲಿ ಕೂತು ದಾರಿಯುದ್ದಕ್ಕೂ ಬೈಯುತ್ತಿದ್ದ. ಅವಳನ್ನಲ್ಲ, ತನ್ನ ಕಾಲನ್ನು.

ಈ ಸಲ ದಸರೆಗೆ 'ನಮ್ಮೂರ ಹಬ್ಬ ಸಮಿತಿ' ಅಂತ ಒಂದು ಹುಟ್ಟಿತು. ಆಯುಧಪೂಜೆ ದಿನ ಊರಿಗೆಲ್ಲ ಒಂದು ಓಟ. ತೀರ್ಥಹಳ್ಳಿ, ಹೊಸನಗರ, ಶಿವಮೊಗ್ಗ, ಎಲ್ಲಿಂದ ಬೇಕಾದರೂ ಬಂದು ಓಡಬಹುದು. ಓಟ ಅಂದಮೇಲೆ ಒಂದು ಏರಾದರೂ ಇರಲಿ ಅಂತ ಯಾರೋ ಹೇಳಿದರಂತೆ. ಹಾಗಾಗಿ ಮೊದಲು ಮಾಡಿದ ದಾರಿ ಕಲ್ಲುಗುಂಡಿಗೆ ಇಳಿದು, ಅರಳಿಮರ ಸುತ್ತಿ, ಮತ್ತೆ ಹತ್ತಿ ಹೋಗುತ್ತಿತ್ತು. ಓಟ ಹೋಗುವ ದಾರಿಯೆಲ್ಲ ರಿಪೇರಿ ಆಗಬೇಕು ಅಂತ ಮೇಲಿನಿಂದ ಆರ್ಡರಾಯಿತು. ಇಂಜಿನಿಯರು ಬಂದು ಟೇಪು ಹಿಡಿದರು. ಎರಡು ಲೋಡು ಜಲ್ಲಿ ಬಂದು ಏರಿನ ತುದಿಯಲ್ಲಿ ಬಿತ್ತು. ಜಲಜಮ್ಮ ಆ ಜಲ್ಲಿ ರಾಶಿಗೆ ಕುಂಕುಮ ಹಚ್ಚಿ ಬಂದಳು. ನಗಬೇಡಿ, ನಿಜವಾಗಿಯೂ ಹಚ್ಚಿದಳು.

ನಾಲ್ಕು ದಿನಕ್ಕೆ ಲಾರಿ ಬಂದು ಅದೇ ಜಲ್ಲಿಯನ್ನು ಕುಂಕುಮದ ಸಮೇತ ತುಂಬಿಕೊಂಡು ಹೋಯಿತು. ದಾರಿ ಬದಲಾಯಿತಂತೆ. ಓಟ ಈಗ ಸಮಿತಿ ಅಧ್ಯಕ್ಷ ರವಿಶಂಕರರ ಹೊಸ ಲೇಔಟಿನ ಮುಂದೆ ಹಾದುಹೋಗುತ್ತದಂತೆ. ಅಲ್ಲಿ ಒಂದೂ ಮನೆ ಆಗಿರಲಿಲ್ಲ. ಸೈಟಿನ ಕಲ್ಲು ಮಾತ್ರ ನೆಟ್ಟಿದ್ದರು. ಮನುಷ್ಯರಿಲ್ಲದ ಕಡೆ ರಸ್ತೆ ಆಯಿತು.

ಜಲಜಮ್ಮ ಸಮಿತಿ ಆಫೀಸಿಗೆ ಹೋದಳು. ಬಾಗಿಲಲ್ಲೇ ನಿಂತಳು. ಒಳಗೆ ಬಾ ಅಂತ ಯಾರೂ ಅನ್ನಲಿಲ್ಲ.

"ಸಾರ್, ಜಲ್ಲಿ ವಾಪಸ್ ತಗೊಂಡು ಹೋದ್ರಲ್ಲ. ನಮ್ಮನೆಯವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಕ್ಕೆ ಭಾರಿ ಕಷ್ಟ ಆಗ್ತದೆ" ಅಂದಳು.

"ನೋಡಮ್ಮ, ಹೊರಗಿನಿಂದ ಜನ ಬರ್ತಾರೆ, ಕ್ಯಾಮೆರಾ ಬರ್ತದೆ. ನಿಮ್ಮ ಗುಂಡಿ ತೋರ್ಸಿ ಊರಿನ ಮರ್ಯಾದೆ ಕಳೀಲಾ?" ಅಂದರು ರವಿಶಂಕರ. ಆಮೇಲೆ ಅವಳ ಹೆಗಲು ನೋಡಿ ನಕ್ಕರು. "ಗಂಡನ್ನ ಹೊತ್ಕೊಂಡು ಗುಡ್ಡ ಹತ್ತೋಳು ನೀನೇ ಅಲ್ವಾ? ಹೇರಂಬ, ಇವಳ ಹೆಸರು ಬರ್ಕೊಳೋ. ಫಸ್ಟ್ ಪ್ರೈಜ್ ಗ್ಯಾರಂಟಿ."

ಒಳಗಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಜಲಜಮ್ಮ ಮನೆಗೆ ಬಂದು ಅನ್ನಕ್ಕಿಟ್ಟಳು. ಅವತ್ತು ಅವಳಿಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ.

ಆಯುಧಪೂಜೆಯ ಹಿಂದಿನ ದಿನ ಮಧ್ಯಾಹ್ನ ಅದೇ ಹೇರಂಬ ಅವಳನ್ನು ಹುಡುಕಿಕೊಂಡು ಬಂದ. ಸಮಿತಿಯ ಓಡಾಟವೆಲ್ಲ ಅವನದೇ. ಏರಿನ ಮೇಲೇ ಸ್ಕೂಟರು ನಿಲ್ಲಿಸಿ ಕೂಗಿದ. ಓಟದ ದಾರಿಗೆ ಬಾಣದ ಗುರುತು ಹಾಕಬೇಕು, ಕೂಲಿಗೆ ಬರ್ತೀಯಾ ಅಂದ. ಬಣ್ಣದಲ್ಲಿ ಹಾಕಬೇಕಿತ್ತು. ಬಣ್ಣದ ದುಡ್ಡು ಎಲ್ಲೋ ಮಾಯವಾಗಿ ಕೈಗೆ ಎರಡು ಚೀಲ ಸುಣ್ಣದ ಪುಡಿ ಬಂದಿತ್ತು. ಜಲಜಮ್ಮ ಹೋದಳು. ಕೂಲಿ ಕೂಲಿಯೇ.

ಮೈದಾನದಿಂದ ಶುರು. ಬಗ್ಗಿ ಸುಣ್ಣ ಹಾಕು, ಏಳು, ನಡಿ, ಮತ್ತೆ ಬಗ್ಗು. ಬೆರಳಿನ ಸೀಳಿಗೆ ಸುಣ್ಣ ಇಳಿದು ಚುರುಗುಟ್ಟುತ್ತಿತ್ತು. ಹೇರಂಬ ಸ್ಕೂಟರಿನ ಮೇಲೆ ಕೂತು ಫೋನು ನೋಡುತ್ತಾ, "ಈ ಕಡೆ, ಆ ಕಡೆ" ಅನ್ನುತ್ತಿದ್ದ. ಒಂದು ದೊಡ್ಡ ಮನೆಯ ಮುಂದೆ ಬಾಣ ಹಾಕುವಾಗ ಮನೆಯಾಕೆ ಶಾಂತಮ್ಮ ಗೇಟಿಗೆ ಬಂದರು.

"ಎಂತ ಜಲಜಾ, ನಮ್ಮನೆ ಮುಂದೆ ಸುಣ್ಣ ಚೆಲ್ತಿದೀಯ? ನಾಳೆ ಬೆಳಿಗ್ಗೆ ಕಾರು, ಬೈಕು ಎಲ್ಲ ಇಲ್ಲೇ ನಿಲ್ಸಿ ತೊಳಿಯೋದು. ನೀರು ಹೊಯ್ದು ರಂಗೋಲಿ ಹಾಕ್ಬೇಕು ನಾನು."

"ಹಾಕಿ ಅಮ್ಮಾ. ದೊಡ್ಡದೇ ಹಾಕಿ" ಅಂದಳು ಜಲಜಮ್ಮ. ಅಂದವಳ ಕೈಯಲ್ಲಿ ಬಾಣದ ಮೂತಿ ಅರ್ಧಕ್ಕೇ ನಿಂತಿತು. ತಲೆ ಎತ್ತಿ ಬೀದಿ ನೋಡಿದಳು. ಈ ಮನೆಗೊಂದು ಕಾರು, ಆ ಮನೆಗೆ ಎರಡು ಬೈಕು, ಮೂಲೆಯಲ್ಲಿ ಲಾರಿ. ಆಯುಧಪೂಜೆ ಬೆಳಿಗ್ಗೆ ಊರಿಗೆ ಊರೇ ಪೈಪು ಹಿಡಿದು ಬೀದಿಗೆ ಇಳಿಯುತ್ತದೆ. ಸಮಿತಿಯ ಗಂಡಸರಿಗೆ ಇದು ಹೊಳೆದಿರಲಿಲ್ಲ. ಅವರು ಎದ್ದು ಬರುವಷ್ಟರಲ್ಲಿ ಗಾಡಿ ತೊಳೆದಿರುತ್ತದೆ, ಅಂಗಳ ಒಣಗಿರುತ್ತದೆ, ಕಾಫಿ ಬಂದಿರುತ್ತದೆ.

ಆದರೂ ಬಾಯಿ ತಡೆಯದೆ, "ಹೇರಂಬಣ್ಣ, ನಾಳೆ ಬೆಳಿಗ್ಗೆ..." ಅಂತ ಶುರು ಮಾಡಿದಳು.

"ಏ, ಹೇಳಿದಷ್ಟು ಮಾಡು. ಯೋಚ್ನೆ ಮಾಡಕ್ಕೆ ಸಮಿತಿ ಇದೆ."

"ಆಯ್ತಪ್ಪ" ಅಂದಳು. ಸಮಿತಿ ಇದೆಯಲ್ಲ, ತನಗ್ಯಾಕೆ? ಅಲ್ಲಿಂದ ಮುಂದೆ ಬಾಣಗಳನ್ನು ಬಹಳ ಚೆಂದ ಮಾಡಿ ಹಾಕಿದಳು. ಹೇರಂಬನೇ ಒಂದೆರಡರ ಫೋಟೋ ತೆಗೆದ.

ಸಂಜೆ ಅರ್ಧ ಚೀಲ ಸುಣ್ಣ ಉಳಿಯಿತು. ಬಿಸಾಕು ಅಂದ ಹೇರಂಬ. ಜಲಜಮ್ಮ ಬಿಸಾಕಲಿಲ್ಲ. ಹೊಸನಗರ ರಸ್ತೆಯಿಂದ ಕಾಲೋನಿಗೆ ತಿರುಗುವಲ್ಲಿ ಒಂದು ಬಾಣ ಹಾಕಿದಳು, ಆಳುದ್ದದ್ದು. ಏರಿನಲ್ಲಿ ಇನ್ನೊಂದು. ಕೆಳಗೆ ಮನೆಗಳ ಹತ್ತಿರ ಮತ್ತೊಂದು. ಬಾಗಿಲಲ್ಲಿ ಕೂತಿದ್ದ ಜಟ್ಟಪ್ಪ ಕತ್ತು ಉದ್ದ ಮಾಡಿದ.

"ಎಂತ ಮಾಡ್ತಿದೀಯ ಮಾರಾಯ್ತಿ?"

"ರಂಗೋಲಿ."

"ಬಾಣದ ಥರ ಕಾಣ್ತದಲ್ಲ?"

"ನಂಗೆ ಬರೋ ರಂಗೋಲಿ ಇದೊಂದೇ."

ಕಲ್ಲುಗುಂಡಿಯಲ್ಲಿ ಯಾರ ಹತ್ತಿರವೂ ತೊಳೆಯಲು ಗಾಡಿ ಇರಲಿಲ್ಲ. ನಲ್ಲಿಯಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದನ್ನು ನೆಲಕ್ಕೆ ಹೊಯ್ಯುವ ಐಭೋಗ ಯಾರಿಗಿತ್ತು? ಬಾಣಗಳು ಬೆಳಗಿನವರೆಗೂ ಬೆಳ್ಳಗೆ ಇದ್ದವು. ಅವಳಿಗೆ ಬೇಕಿದ್ದದ್ದು ಇಷ್ಟೇ. ಹೊರಗಿನಿಂದ ಬಂದವರು ಒಂದು ಸಲ ಈ ಏರು ಇಳಿಯಲಿ, ಒಂದು ಸಲ ಹತ್ತಲಿ.

ಮೈದಾನದಲ್ಲಿ ನಡೆದ ಗಮ್ಮತ್ತನ್ನು ಆಮೇಲೆ ಓಡಿದವರೇ ಹೇಳಿದರು. ಬೆಳಿಗ್ಗೆ ಬೇಗ ಶುರುವಾಗಬೇಕಿದ್ದ ಓಟಕ್ಕೆ ಅಧ್ಯಕ್ಷರು ಬಂದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಸ್ವಾಗತ ಭಾಷಣ, ದೀಪ, ಹಾರ, ಶಾಲು. ಬನಿಯನ್ನುಗಳು ಎಲ್ಲರಿಗೂ ಒಂದೇ ಅಳತೆಯವು. ಸಣ್ಣ ಹುಡುಗಿಯರಿಗೆ ಮೊಣಕಾಲು ಮುಟ್ಟುತ್ತಿತ್ತು, ದಪ್ಪಗಿದ್ದ ಮೇಷ್ಟರಿಗೆ ಹೊಟ್ಟೆ ದಾಟುತ್ತಿರಲಿಲ್ಲ. ನೀರು ಕೊಡುವ ಕಡೆ ಬ್ಯಾನರ್ ಇತ್ತು, ನೀರು ಇರಲಿಲ್ಲ. ದಾರಿ ತೋರಿಸಬೇಕಾದ ಸ್ವಯಂಸೇವಕರೆಲ್ಲ ಕೇಸರಿಬಾತ್ ಖಾಲಿಯಾಗುತ್ತದೆ ಅಂತ ಗಾಬರಿಬಿದ್ದು ತಿಂಡಿಯ ಸಾಲಿನಲ್ಲಿ ನಿಂತಿದ್ದರು.

ಓಟ ಬಿಟ್ಟಿತು. ಮುಂದೆ ಬೈಕಿನಲ್ಲಿ ಹೇರಂಬ, ಹಿಂದೆ ಮುನ್ನೂರು ಜನ. ಅಧ್ಯಕ್ಷರೂ ಬಿಳಿ ಶೂ ಹಾಕಿಕೊಂಡು ಓಡಿದರು. ಮೊದಲ ತಿರುವಿನವರೆಗೆ ಓಡಿ, ಫೋಟೋ ಆದಮೇಲೆ ಜೀಪು ಹತ್ತುವುದು ಅಂತ ಲೆಕ್ಕಾಚಾರ. ತಿರುವಿನಲ್ಲಿ ಜೀಪು ಬಾಳೆಕಂಬ ಕಟ್ಟಿಕೊಂಡು ನಿಂತಿತ್ತು. ಪೂಜೆ ಆಗದೆ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತದೆ ಗಾಡಿ ಅಲ್ಲಾಡಿಸಲ್ಲ ಅಂದುಬಿಟ್ಟ ಡ್ರೈವರು. ಭಟ್ಟರು ಇನ್ನೂ ಬಂದಿರಲಿಲ್ಲ. ಜನ ನೋಡುತ್ತಿದ್ದರು. ಅಧ್ಯಕ್ಷರು ಓಡಿದರು, ಪಾಪ.

ಬಾಣ? ಎಲ್ಲಿಯ ಬಾಣ! ಬೀದಿಯೆಲ್ಲ ಒದ್ದೆ. ಕಾರಿನ ನೊರೆ, ಲಾರಿಯ ಕೆಸರು, ಅದರ ಮೇಲೆ ರಂಗೋಲಿ, ಒಡೆದ ಬೂದುಗುಂಬಳ. ಶಾಂತಮ್ಮನವರ ಮನೆ ಮುಂದೆ ಬಾಣದ ಜಾಗದಲ್ಲಿ ಎಂಟು ದಳದ ತಾವರೆ ಅರಳಿತ್ತು. ಹೇರಂಬ ತಾವರೆ ನೋಡಿ ಎಡಕ್ಕೆ ಹೋಗಬೇಕೋ ಬಲಕ್ಕೋ ತಿಳಿಯದೆ ತಲೆ ಕೆರೆದುಕೊಂಡ. ದಾರಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಕಡೆ ಕೈ ತೋರಿಸಿದರು. ನಿನ್ನೆ ಫೋನಿನ ನಕ್ಷೆ ನೋಡಿ ದಾರಿ ಹೇಳಿದವನಿಗೆ ಬೀದಿ ನೆನಪಿರಲಿಲ್ಲ, ಈಗ ಫೋನು ತೆಗೆಯಲು ಪುರುಸೊತ್ತಿರಲಿಲ್ಲ. ಹಿಂದೆ ಮುನ್ನೂರು ಜನ ಉಸಿರು ಬಿಡುತ್ತಿದ್ದರು. ನೇರ ಹೋದ. ಹೊಸನಗರ ರಸ್ತೆ ಸಿಕ್ಕಿತು. ಅಲ್ಲಿ, ದೇವರು ದೊಡ್ಡವನು, ಬೆಳ್ಳಗೆ ಆಳುದ್ದದ ಬಾಣ! ಹೇರಂಬ ಬೈಕಿನ ಮೇಲೇ ಕೈಮುಗಿದು, ಹಿಂದುಮುಂದು ನೋಡದೆ ಕಾಲೋನಿಗೆ ತಿರುಗಿಸಿದ.

ಜಲಜಮ್ಮ ಆಗ ಜಟ್ಟಪ್ಪನನ್ನು ಕುರ್ಚಿಯಲ್ಲಿ ಕೂರಿಸುತ್ತಿದ್ದಳು. ಹಬ್ಬವಾದರೇನು, ಅವತ್ತು ಡ್ರೆಸ್ಸಿಂಗ್ ದಿನ. ಗಾಯ ರಾತ್ರಿಯಿಂದ ವಾಸನೆ ಬರುತ್ತಿತ್ತು, ಮೈ ಬಿಸಿಯಿತ್ತು. ಅವಳಿಗೆ ಒಳಗೊಳಗೇ ಹೆದರಿಕೆ. ಭೂತಪ್ಪ ಹಿಂದಿನ ಗಳ ಹಿಡಿದಿದ್ದ. ಅಷ್ಟರಲ್ಲಿ ಮೇಲಿನಿಂದ ಬೈಕು ಜಾರುತ್ತಾ, ಅಡ್ಡ ತಿರುಗುತ್ತಾ, ಚರಂಡಿಗೆ ಹೋಗಿ ಮಲಗಿತು. ಹೇರಂಬ ಕೆಸರಿನಿಂದ ಎದ್ದ. ಅವನ ಹಿಂದೆ ಓಡಿ ಬಂದವರು ಬ್ರೇಕು ಸಿಗದೆ ಒಬ್ಬರ ಮೇಲೊಬ್ಬರು. ಯಾರದೋ ಚಪ್ಪಲಿ, ಯಾರದೋ ಕನ್ನಡಕ. ಕಾಲೋನಿಯ ಮಕ್ಕಳು ಕುಣಿದಾಡಿಬಿಟ್ಟವು.

"ಆಂಟಿ, ಈ ದಾರಿ ಎಲ್ಲಿಗೆ ಹೋಗ್ತದೆ?" ಅಂತ ಕೇಳಿದಳು ಎಲ್ಲರಿಗಿಂತ ಮುಂದೆ ಬಂದ ಹುಡುಗಿ. ತೀರ್ಥಹಳ್ಳಿಯವಳು, ಸೌಜನ್ಯಾ ಅಂತೆ.

"ಎಲ್ಲಿಗೂ ಹೋಗಲ್ಲ ಮಗಾ. ಇಲ್ಲಿಗೇ ಬರ್ತದೆ, ಅಷ್ಟೇ" ಅಂದಳು ಜಲಜಮ್ಮ. "ನೀರು ಕುಡೀತೀಯಾ?"

ಹೆಂಗಸರು ಹಿಂದಿನ ದಿನ ಹಿಡಿದಿಟ್ಟ ಕೊಡ ಹೊರಗೆ ತಂದರು. ಓಡಿದವರು ಗಟಗಟ ಕುಡಿದರು. ಕೊನೆಗೆ ಅಧ್ಯಕ್ಷರು ಕಂಡರು. ಏರಿನ ನೆತ್ತಿಯಲ್ಲಿ ನಿಂತು, "ಯಾರೋ ಈ ಕಡೆ ತಿರುಗಿಸಿದ್ದು?" ಅಂತ ಕೈ ಎತ್ತಿದರು. ಎತ್ತಿದ ಕೈ ಎತ್ತಿದ ಹಾಗೇ ಇಳಿದು ಬಂದರು, ಕೂತುಕೊಂಡು. ಕೆಳಗೆ ತಲುಪಿದಾಗ ಬಲಗಾಲು ತಿರುಚಿತ್ತು. ನೋಡನೋಡುತ್ತಿದ್ದಂತೆ ಪಾದದ ಗಂಟು, ಹರಡು, ಊದಿತು.

ಜಲಜಮ್ಮ ಒಂದು ಲೋಟ ನೀರು ಹಿಡಿದಳು. ಅವರು ಲೋಟ ನೋಡಿದರು, ಅವಳನ್ನು ನೋಡಿದರು, ಆಮೇಲೆ ಹೇರಂಬನನ್ನು ನೋಡಿದರು. "ಬಾಟ್ಲಿ ನೀರಿದ್ಯೇನೋ?"

ಜಲಜಮ್ಮ ಲೋಟದ ನೀರನ್ನು ತಾನೇ ಕುಡಿದಳು.

ಹೇರಂಬ ಸುತ್ತ ಕಣ್ಣು ಹಾಯಿಸಿ ಕುರ್ಚಿ ಕಂಡ. ಅವನ ಮುಖ ಅರಳಿತು. "ಏ, ಇವರನ್ನ ಸ್ವಲ್ಪ ಕೆಳಗಿಳಿಸಿ. ಅಧ್ಯಕ್ಷರನ್ನ ಹೊತ್ಕೊಂಡು ಹೋಗಣ. ಓಟದ ಆಂಬುಲೆನ್ಸ್ ಮೇಲೆ ಬಂದು ನಿಂತಿದೆ." ಅಂದವನೇ ಜಟ್ಟಪ್ಪನ ತೋಳಿಗೆ ಕೈ ಹಾಕಿದ.

"ಮುಟ್ಬೇಡ."

ಜಲಜಮ್ಮ ದನಿ ಏರಿಸಿರಲಿಲ್ಲ. ಆದರೂ ಹೇರಂಬನ ಕೈ ಹಿಂದೆ ಬಂತು.

"ಮೊದ್ಲು ಯಾರು ಬಿದ್ರೋ ಅವರು ಮೊದ್ಲು ಹೋಗ್ತಾರೆ. ನಮ್ಮನೆಯವರು ಮುಂಗಾರಿಗೆ ಮೊದ್ಲು ಬಿದ್ದೋರು. ಅಧ್ಯಕ್ಷರು ಈಗ ಬಿದ್ದೋರು. ಪಾಳಿ ಅಂತ ಒಂದು ಇರ್ತದಲ್ಲ?"

"ಸರಿ, ಬೇಗ ಹೊತ್ಕೊಂಡು ಹೋಗಿ ಬಾ ಹಾಗಾದ್ರೆ!"

"ನಾನು ಹೊರಲ್ಲ." ಅವಳು ಗಳ ಬಿಟ್ಟು ಕೈ ಕೊಡವಿದಳು. "ಇವತ್ತು ಆಯುಧಪೂಜೆ. ದುಡಿಯೋ ಸಾಮಾನಿಗೆಲ್ಲ ರಜೆ. ನನ್ನ ಹೆಗಲಿಗೂ ರಜೆ. ನೀವು ಹೊರಿ."

ಓಡಿದವರೆಲ್ಲ ನೋಡುತ್ತಿದ್ದರು. ಕ್ಯಾಮೆರಾದವನೂ ಬಂದು ತಲುಪಿದ್ದ. ಸೌಜನ್ಯಾ ಸೊಂಟಕ್ಕೆ ಕೈ ಕೊಟ್ಟು, "ಹೊರಿ ಅಣ್ಣಾ, ಆ ಅಂಕಲ್ ಕಾಲು ನೋಡಿ ಹೇಗಾಗಿದೆ" ಅಂದಳು. ಬೇರೆ ದಾರಿ ಇರಲಿಲ್ಲ. ಹೇರಂಬ ಮತ್ತು ಸಮಿತಿಯ ಮೂವರು ಗಟ್ಟಿ ಹುಡುಗರು ಗಳಕ್ಕೆ ಹೆಗಲು ಕೊಟ್ಟರು.

ನಾಲ್ಕು ಹೆಜ್ಜೆಗೆ ಒಬ್ಬ ಜಾರಿದ. ಇನ್ನೊಬ್ಬನ ಮಂಡಿ ನೆಲ ಮುಟ್ಟಿತು. ಅರ್ಧ ಏರಿಗೆ ಹೇರಂಬನ ಬಾಯಲ್ಲಿ ನೊರೆ. "ನಿಲ್ಸೋ, ನಿಲ್ಸೋ" ಅಂತ ಬೊಬ್ಬೆ. ಜಟ್ಟಪ್ಪನಿಗೆ ಜ್ವರದಲ್ಲೂ ಖುಷಿ. "ಉಸಿರು ಬಿಗಿ ಹಿಡೀಬೇಡ ಮಾರಾಯ. ನನ್ನ ಹೆಂಡ್ತಿ ಇಲ್ಲಿ ಎಲೆ ಅಡಿಕೆ ಹಾಕ್ಕೊಂಡು ಹತ್ತುತಾಳೆ" ಅಂತ ಬುದ್ಧಿ ಹೇಳಿದ. ಆಂಬುಲೆನ್ಸು ಅವನನ್ನೂ ಭೂತಪ್ಪನನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋದ ಸದ್ದು ಕೇಳಿದಮೇಲೆ ಜಲಜಮ್ಮನಿಗೆ ಎದೆ ಹಗುರಾಯಿತು. ಆಗ ಕಲ್ಲಿನ ಮೇಲೆ ಕೂತಳು.

ನಾಲ್ವರೂ ಖಾಲಿ ಕುರ್ಚಿ ಎಳೆದುಕೊಂಡು ಕೆಳಗೆ ಬಂದರು. ಹೆಗಲು ಕೆಂಪಾಗಿತ್ತು. ಅಧ್ಯಕ್ಷರು ಕೈ ಚಾಚಿದರು. "ಬನ್ರೋ, ಎತ್ತಿ."

ಹೇರಂಬ ನೆಲ ನೋಡಿದ. "ಆಗಲ್ಲ ಸರ್."

"ಏನಂದೆ?"

"ನಮ್ ಕೈಲಿ ಆಗಲ್ಲ. ಅವರು ಬಡಕಲು. ನೀವು..." ಮುಂದೆ ಹೇಳಲು ಅವನಿಗೆ ಧೈರ್ಯ ಸಾಲಲಿಲ್ಲ. ಎಲ್ಲರೂ ಅಧ್ಯಕ್ಷರ ಹೊಟ್ಟೆ ನೋಡಿದರು.

ರವಿಶಂಕರ ದನಿ ಮೆತ್ತಗೆ ಮಾಡಿದರು. "ಜಲಜಮ್ಮ, ನಿಂಗೆ ಹೊತ್ತು ಅಭ್ಯಾಸ ಇದೆ. ಕೇಳಿದಷ್ಟು ಕೊಡ್ತೀನಿ."

"ಗಂಡನ್ನ ಹೊತ್ತು ಅಭ್ಯಾಸ ಸಾರ್. ಅಧ್ಯಕ್ಷರನ್ನ ಹೊತ್ತು ಅಭ್ಯಾಸ ಇಲ್ಲ."

"ಬಾಣ ಯಾರು ಹಾಕಿದ್ದು? ನೀನೇ ಅಲ್ವಾ?"

"ಹೌದು, ನಾನೇ."

"ಪೊಲೀಸ್ ಕರೀತೀನಿ!"

"ಕರೀರಿ. ಜೀಪು ಇಳಿಯಲ್ಲ. ಮೇಲೇ ನಿಂತು ಹಾರ್ನ್ ಹೊಡೀತಾರೆ. ನಾನು ಹತ್ತಿ ಹೋಗಲ್ಲ, ನಿಮಗೆ ಹತ್ತಕ್ಕೆ ಆಗಲ್ಲ."

ಮುನ್ನೂರು ಜನ ನಕ್ಕ ಸದ್ದು ಗುಂಡಿಯೊಳಗೆ ಸುತ್ತಿತು. ಜಲಜಮ್ಮ ಮಾತ್ರ ನಗಲಿಲ್ಲ. ಎದ್ದು ಅವರ ಎದುರು ಬಂದು ನಿಂತಳು.

"ನಿಮ್ಮ ಹತ್ರ ನಾನು ಬೆಲ್ಲ ಕೇಳಿದ್ನಾ, ಬಂಗಾರ ಕೇಳಿದ್ನಾ? ದಾರಿ ಕೇಳಿದೆ. ನಮ್ಮ ಎದುರಿಗೇ ಜಲ್ಲಿ ಬಳ್ಕೊಂಡು ಹೋದ್ರಿ. ಹೋಗ್ಲಿ. ನನ್ನ ಹೆಗಲು ನೋಡಿ ನಕ್ಕಿದ್ಯಾಕೆ?"

ಅಧ್ಯಕ್ಷರು ಕಾಲು ನೋಡಿಕೊಂಡರು. ಆಮೇಲೆ ಜೇಬಿನಿಂದ ಫೋನು ತೆಗೆದು, "ಲೇಔಟಿಂದ ಜೆಸಿಬಿ ಕಳ್ಸು. ಹಾಂ, ಜಲ್ಲೀನೂ. ಕಲ್ಲುಗುಂಡಿಗೆ. ಬೇಗ, ನೋವು ತಡಿಯಕ್ಕಾಗ್ತಿಲ್ಲ" ಅಂದರು.

ಜೆಸಿಬಿ ಪೂಜೆ ಮುಗಿಸಿ ಸೇವಂತಿಗೆ ಹಾರ ಹಾಕಿಕೊಂಡೇ ಬಂತು. ಹಲ್ಲಿಗೆ ವಿಭೂತಿ ಪಟ್ಟೆ. ಮೇಲಿನಿಂದ ಏರು ಕೆರೆಯುತ್ತಾ, ಮಣ್ಣು ತಗ್ಗಿಸುತ್ತಾ, ಜಲ್ಲಿ ಹಾಸುತ್ತಾ ಇಳಿಯಿತು. "ಒಂದು ಗಾಡಿ ಬರೋಷ್ಟು ಸಾಕು" ಅಂದರು ಅಧ್ಯಕ್ಷರು. ಜಲಜಮ್ಮ ಜೆಸಿಬಿಯ ಮುಂದೆ ಕೈ ಅಗಲಿಸಿ ನಿಂತು, "ಆಂಬುಲೆನ್ಸ್ ತಿರುಗಬೇಕಣ್ಣ, ಇನ್ನೂ ಅಗಲ" ಅಂದಳು. ಡ್ರೈವರು ಅಧ್ಯಕ್ಷರ ಮುಖ ನೋಡಿದ. ಅಧ್ಯಕ್ಷರಿಗೆ ನೋವು ಜೋರಾಗಿತ್ತು. ಇನ್ನೂ ಅಗಲವಾಯಿತು.

ಹೊತ್ತು ಇಳಿಯುವಾಗ ಆಂಬುಲೆನ್ಸು ಕಲ್ಲುಗುಂಡಿಗೆ ಇಳಿಯಿತು. ಯಾವ ಕಾಲಕ್ಕೂ ಇಳಿಯದಿದ್ದದ್ದು ಜಲಜಮ್ಮನ ಮನೆ ಬಾಗಿಲಿಗೇ ಬಂದು ನಿಂತಿತು. ಹೊಸ ಬ್ಯಾಂಡೇಜು ಸುತ್ತಿಸಿಕೊಂಡ ಜಟ್ಟಪ್ಪ ಇಳಿದ. ಇನ್ನೆರಡು ದಿನ ತಡವಾಗಿದ್ದರೆ ಕಾಲು ಉಳಿಯುತ್ತಿರಲಿಲ್ಲ ಅಂದರಂತೆ ಡಾಕ್ಟರು. ಜಲಜಮ್ಮ ಗಂಡನ ಮುಖ ನೋಡಿದಳು. ಅಳು ಬಂತು. ಬಾಯಿ ತುಂಬ ಬೈಗುಳವೂ ಬಂತು. ಒಂದು ರಸ್ತೆಗೆ ಒಬ್ಬ ದೊಡ್ಡ ಮನುಷ್ಯನ ಕಾಲು ಉಳುಕಬೇಕಾಯಿತಲ್ಲ!

ಅಧ್ಯಕ್ಷರನ್ನು ಎತ್ತಿ ಆಂಬುಲೆನ್ಸಿನ ಅಂಚಿನಲ್ಲಿ ಕೂರಿಸಿದರು. ಕೂತ ಮೇಲೆ ಅವರಿಗೆ ಮತ್ತೆ ಅಧ್ಯಕ್ಷಗಿರಿ ಏರಿತು. ಕೂದಲು ಸರಿ ಮಾಡಿಕೊಂಡರು. "ನೋಡ್ರಪ್ಪ, ಬಡವರಿಗೆ ಹಬ್ಬದ ದಿನವೇ ರಸ್ತೆ ಮಾಡಿಸಿ ಕೊಟ್ಟಿದ್ದೀನಿ. ಹೇರಂಬ, ಒಂದು ಫೋಟೋ. ಜಲಜಮ್ಮ, ಬಾ ಇಲ್ಲಿ. ಹಾಗೇ ಒಂದು ಕೈ ಮುಗಿ."

ಜಲಜಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಹತ್ತಿರ ಬಂದಳು.

"ನಿಮಗ್ಯಾಕೆ ಸಾರ್ ಕೈ ಮುಗೀಲಿ? ರಸ್ತೆ ಮಾಡಿಸಿದ್ದು ನೀವಲ್ಲ, ನಿಮ್ಮ ಕಾಲು. ಮುಗಿಯೋದಾದ್ರೆ ಅದಕ್ಕೆ ಮುಗೀಬೇಕು."

ಬಗ್ಗಿದಳು. ಊದಿದ ಹರಡನ್ನು ಗಳ ಹಿಡಿದು ಗಟ್ಟಿಯಾದ ಎರಡೂ ಕೈಯಲ್ಲಿ ಭಕ್ತಿಯಿಂದ, ಗಟ್ಟಿಯಾಗಿ ಹಿಡಿದು ಒತ್ತಿ ನಮಸ್ಕಾರ ಮಾಡಿದಳು. ಅಧ್ಯಕ್ಷರು ಕೂಗಿದ ಕೂಗಿಗೆ ಅರಳಿಮರದ ಕಾಗೆಗಳೆಲ್ಲ ಎದ್ದವು.

"ಸರ್, ಬಾಯಿ ತೆರೆದುಹೋಯ್ತು" ಅಂದ ಹೇರಂಬ, ಫೋನು ನೋಡುತ್ತಾ. "ಇನ್ನೊಂದು ತೆಗೀಲಾ?"

"ತೆಗಿಯಪ್ಪ" ಅಂದಳು ಜಲಜಮ್ಮ, ಕೈ ಬಿಡದೆ. "ನಾನು ಇನ್ನೊಂದ್ಸಲ ನಮಸ್ಕಾರ ಮಾಡ್ತೀನಿ."